ಒಬ್ಬರನ್ನು ಸೇರಿಸಿದರೆ 500 ಎಂಬಿ: ಕ್ಲೌಡ್ ಜಾಗದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಈ ಸಲ ಒಂದೇ ವಿಷಯದ ಪ್ರಶ್ನೆಗಳು ಹೆಚ್ಚು ಬಂದಿವೆ. ಆನ್‌ಲೈನ್‌ನಲ್ಲಿ ಫೈಲ್ ಇಡುವ ಕ್ಲೌಡ್ ಸೇವೆಗಳಿಗೆ ಪರಿಚಯದವರನ್ನು ಸೇರಿಸಿದರೆ ಹೆಚ್ಚುವರಿ ಜಾಗ ಉಚಿತವಾಗಿ ಸಿಗುತ್ತದೆಯೇ, ಸಿಕ್ಕರೆ ಎಷ್ಟು, ಸಿಗದಿದ್ದರೆ ಯಾಕೆ ಎಂಬುದು ಎಲ್ಲರ ಕೇಳಿಕೆ. ಹೀಗೆ ಪರಿಚಯದವರನ್ನು ಸೇರಿಸುವುದಕ್ಕೆ ರೆಫರಲ್ ಎಂದು ಹೆಸರು. ಬೇರೆಯವರಿಗೂ ಉಪಯೋಗವಾಗುವಂಥವನ್ನು ಆರಿಸಿ ಉತ್ತರಿಸಿದ್ದೇವೆ. ಮೆನುಗಳ ಹೆಸರನ್ನು ಪರದೆಯ ಮೇಲೆ ಕಾಣುವ ಹಾಗೆಯೇ ಕೊಟ್ಟಿದ್ದೇವೆ.

ಪ್ರಶ್ನೆ: ಡ್ರಾಪ್‌ಬಾಕ್ಸ್‌ನ ನನ್ನ ರೆಫರಲ್ ಲಿಂಕನ್ನು ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಎಂಟು ಜನ ‘ಸೇರಿದ್ವಿ’ ಅಂದರು. ನನ್ನ ಖಾತೆಗೆ ಬಂದಿದ್ದು 1 ಜಿಬಿ ಮಾತ್ರ. ಉಳಿದ ಆರು ಜನರ ಜಾಗ ಎಲ್ಲಿ ಹೋಯಿತು?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಗೆ ಬೇಸಿಕ್ ಎಂದು ಹೆಸರು. ಅದರಲ್ಲಿ ಮೊದಲು ಸಿಗುವುದು 2 ಜಿಬಿ. ಒಬ್ಬರನ್ನು ಸೇರಿಸಿದರೆ 500 ಎಂಬಿ. ಹೀಗೆ ಗಳಿಸಬಹುದಾದದ್ದು ಹೆಚ್ಚೆಂದರೆ 16 ಜಿಬಿ, ಅಂದರೆ 32 ಜನ. ನಿಮಗೆ 1 ಜಿಬಿ ಬಂದಿದೆ ಎಂದರೆ ಇಬ್ಬರದು ಪೂರ್ತಿಯಾಗಿದೆ. ಮಿಕ್ಕ ಆರು ಜನ ಬಹುಶಃ ಫೋನಿನಲ್ಲೇ ಖಾತೆ ತೆರೆದು ಅಲ್ಲಿಗೇ ಬಿಟ್ಟಿದ್ದಾರೆ. ಹೆಚ್ಚಿನವರು ಎಡವುವುದು ಇಲ್ಲೇ.

ಖಾತೆ ತೆರೆದ ಮಾತ್ರಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಸ್ನೇಹಿತರು ನಿಮ್ಮ ಲಿಂಕನ್ನೇ ಒತ್ತಿ ಖಾತೆ ತೆರೆಯಬೇಕು, ತಮ್ಮ ಇಮೇಲ್‌ಗೆ ಬಂದ ದೃಢೀಕರಣದ ಲಿಂಕನ್ನು ಒತ್ತಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಡ್ರಾಪ್‌ಬಾಕ್ಸ್‌ನ ಡೆಸ್ಕ್‌ಟಾಪ್ ಆ್ಯಪ್ ಇನ್‌ಸ್ಟಾಲ್ ಮಾಡಿ ಅದೇ ಖಾತೆಯಿಂದ ಸೈನ್ ಇನ್ ಆಗಬೇಕು. ಮೊಬೈಲ್ ಆ್ಯಪ್ ಹಾಕಿಕೊಂಡರೂ ಬ್ರೌಸರ್‌ನಲ್ಲಿ ದಿನವೂ ಬಳಸಿದರೂ ಅದು ಈ ಲೆಕ್ಕಕ್ಕಿಲ್ಲ. ಕಂಪ್ಯೂಟರಿನ ಕೆಲಸ ಮುಗಿದಾಗಲೇ 500 ಎಂಬಿ ನಿಮಗೂ ಬರುತ್ತದೆ, ಅವರಿಗೂ ಬರುತ್ತದೆ. ಅವರಿಗೂ ಲಾಭವಿದೆ ಎಂಬುದನ್ನು ಗುಂಪಿನಲ್ಲಿ ಬಿಡಿಸಿ ಹೇಳಿ; ಅರ್ಧಕ್ಕೆ ನಿಲ್ಲಿಸಿದವರು ಮುಂದುವರಿಸಲು ಇದೊಂದೇ ಸಾಕಾಗಬಹುದು.

ಯಾರ ಕೆಲಸ ಎಲ್ಲಿಗೆ ನಿಂತಿದೆ ಎಂದು ನೋಡಲು ಬ್ರೌಸರ್‌ನಲ್ಲಿ ಡ್ರಾಪ್‌ಬಾಕ್ಸ್ ತೆರೆದು ಮೂಲೆಯ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ‘ರೆಫರ್ ಎ ಫ್ರೆಂಡ್’ ಎಂಬ ಭಾಗ ನೋಡಿ. ಲಿಂಕ್ ಇರುವುದೂ ಅಲ್ಲೇ. ನಿಮ್ಮ ಲಿಂಕ್‌ನಿಂದಲೇ ಬಂದು ಇನ್‌ಸ್ಟಾಲ್ ಮಾಡದೆ ಬಿಟ್ಟವರು ಈಗ ಮಾಡಿದರೂ ಆದೀತು. ಆದರೆ ಲಿಂಕ್ ಬಿಟ್ಟು ನೇರವಾಗಿ ಗೂಗಲ್‌ನಲ್ಲಿ ಹುಡುಕಿ ಖಾತೆ ತೆರೆದವರನ್ನೂ ಮೊದಲೇ ಖಾತೆ ಇದ್ದವರನ್ನೂ ಆಮೇಲೆ ನಿಮ್ಮ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ.

ಹಾಸ್ಟೆಲ್‌ಗಳಲ್ಲಿ ಇನ್ನೊಂದು ತೊಡಕಿದೆ. ಮೂವರು ಒಂದೇ ಲ್ಯಾಪ್‌ಟಾಪ್ ಬಳಸುತ್ತಿದ್ದರೆ ಮೊದಲು ಸೈನ್ ಇನ್ ಆದವರದು ಮಾತ್ರ ಎಣಿಕೆಗೆ ಬರುತ್ತದೆ. ಒಂದು ಖಾತೆಗೆ ಜೋಡಿಯಾದ ಕಂಪ್ಯೂಟರನ್ನು ಡ್ರಾಪ್‌ಬಾಕ್ಸ್ ಗುರುತಿಟ್ಟುಕೊಳ್ಳುತ್ತದೆ. ಆ್ಯಪ್ ತೆಗೆದು ಮತ್ತೆ ಹಾಕಿ ಬೇರೆ ಖಾತೆಯಿಂದ ಒಳಹೊಕ್ಕರೆ ಹೊಸ ಕಂಪ್ಯೂಟರ್ ಎಂದು ಪರಿಗಣಿಸುವುದಿಲ್ಲ. ಕಾಲೇಜಿನ ಲ್ಯಾಬ್‌ನಲ್ಲೂ ಪ್ರಯತ್ನಿಸಬೇಡಿ. ಅಲ್ಲಿ ಇನ್‌ಸ್ಟಾಲ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಬೇಕು, ನಿಮಗಿಂತ ಮೊದಲು ಯಾರಾದರೂ ಡ್ರಾಪ್‌ಬಾಕ್ಸ್ ಹಾಕಿರುವ ಸಂಭವವೂ ಇದೆ. ವಿಂಡೋಸ್ 7 ಅಥವಾ 8 ಇರುವ ಹಳೆಯ ಯಂತ್ರಕ್ಕೆ ಈಗಿನ ಆ್ಯಪ್ ಕೂರುವುದಿಲ್ಲ, ಕನಿಷ್ಠ ವಿಂಡೋಸ್ 10 ಬೇಕು.

ಇನ್‌ಸ್ಟಾಲ್ ಮಾಡುವಾಗ ಒಂದು ಪರದೆಯನ್ನು ಓದದೆ ದಾಟಬೇಡಿ ಎಂದು ಸ್ನೇಹಿತರಿಗೆ ಹೇಳಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಬ್ಯಾಕಪ್ ಮಾಡಲೇ ಎಂದು ಅದು ಕೇಳುತ್ತದೆ. ಹೂಂ ಅಂದರೆ ಡೌನ್‌ಲೋಡ್ಸ್‌ನಲ್ಲಿರುವ ಸಿನಿಮಾ, ಸಾಫ್ಟ್‌ವೇರ್ ಎಲ್ಲವೂ ಮೇಲೇರಲು ಶುರುವಾಗಿ, ಕಷ್ಟಪಟ್ಟು ಗಳಿಸಿದ ಜಾಗ ಅವತ್ತೇ ತುಂಬುತ್ತದೆ. ‘ನಾಟ್ ನೌ’ ಒತ್ತಿ ಮುಂದೆ ಹೋಗಿ.

ಪ್ರಶ್ನೆ: ನಮ್ಮ ಸೈಬರ್ ಸೆಂಟರ್‌ನಲ್ಲಿ ಆರು ಕಂಪ್ಯೂಟರ್ ಇವೆ. ಗಿರಾಕಿಗಳ ಇಮೇಲ್ ಬಳಸಿ ಖಾತೆ ತೆರೆದು ನನ್ನ ಲಿಂಕ್‌ಗೆ ಸೇರಿಸಬಹುದೇ? ಹಣ ಕೊಟ್ಟರೆ ಒಂದೇ ದಿನದಲ್ಲಿ 16 ಜಿಬಿ ತುಂಬಿಸಿಕೊಡುತ್ತೇವೆ ಅಂತಲೂ ಆನ್‌ಲೈನ್‌ನಲ್ಲಿ ಕೆಲವರು ಹೇಳುತ್ತಾರೆ. ನಂಬಬಹುದೇ?
– ಜಗಳೂರು

ಉತ್ತರ: ಗಿರಾಕಿಗಳಿಗೆ ತಿಳಿಸದೆ ಅವರ ಇಮೇಲ್‌ನಲ್ಲಿ ಖಾತೆ ತೆರೆಯಬೇಡಿ. ಅರ್ಜಿ ಹಾಕಿಸಲು ಬಂದವರು ನಂಬಿಕೆಯ ಮೇಲೆ ಇಮೇಲ್, ಓಟಿಪಿ ಹೇಳಿರುತ್ತಾರೆ. ಅದನ್ನು ಬೇರೆ ಕೆಲಸಕ್ಕೆ ಬಳಸುವುದು ತಪ್ಪು. ನಾಳೆ ಅವರ ಹೆಸರಿನ ಖಾತೆಯಲ್ಲಿ ಏನಾದರೂ ಎಡವಟ್ಟಾದರೆ ಮೊದಲು ಕೇಳುವುದು ನಿಮ್ಮನ್ನೇ. ಲೆಕ್ಕ ಹಾಕಿದರೂ ಇದು ಗಿಟ್ಟುವುದಿಲ್ಲ. ಒಂದು ಯಂತ್ರ ಒಮ್ಮೆ ಮಾತ್ರ ಎಣಿಕೆಗೆ ಬರುವುದರಿಂದ ಆರು ಕಂಪ್ಯೂಟರಿನಿಂದ ಬರುವುದು 3 ಜಿಬಿಗಿಂತ ಹೆಚ್ಚಾಗದು, ಅವುಗಳಲ್ಲಿ ಯಾವುದರಲ್ಲಾದರೂ ಹಿಂದೆ ಡ್ರಾಪ್‌ಬಾಕ್ಸ್ ಹಾಕಿದ್ದರೆ ಅದೂ ಇಲ್ಲ.

ಹಣಕ್ಕೆ ತುಂಬಿಸಿಕೊಡುವವರು ಮಾಡುವುದು ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಒಂದು ಕಂಪ್ಯೂಟರಿನೊಳಗೆ ಹತ್ತಾರು ನಕಲಿ ಕಂಪ್ಯೂಟರ್‌ಗಳನ್ನು ಸಾಫ್ಟ್‌ವೇರ್‌ನಲ್ಲಿ ಸೃಷ್ಟಿಸಿ, ಒಂದೊಂದರಲ್ಲೂ ಸುಳ್ಳು ಇಮೇಲ್‌ನ ಖಾತೆ ತೆರೆಯುತ್ತಾರೆ. ಕಂಪನಿಯ ನಿಯಮಕ್ಕೆ ಇದು ವಿರುದ್ಧ. ಸಿಕ್ಕಿಬಿದ್ದರೆ ಜಾಗ ವಾಪಸ್ ಹೋಗುತ್ತದೆ, ಖಾತೆಯನ್ನೇ ಮುಚ್ಚಿದರೂ ಕೇಳುವಂತಿಲ್ಲ. ಅವರಲ್ಲಿ ಯಾರಾದರೂ ನಿಮ್ಮ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ರೆಫರಲ್‌ಗೆ ಲಿಂಕ್ ಸಾಕು, ಪಾಸ್‌ವರ್ಡ್ ಬೇಕಾಗುವುದೇ ಇಲ್ಲ.

ನಿಮ್ಮಂಥ ಅಂಗಡಿಯವರಿಗೆ ಇನ್ನೊಂದು ವಿನಂತಿ. ಗಿರಾಕಿ ನಿಮ್ಮ ಯಂತ್ರದಲ್ಲಿ ಡ್ರಾಪ್‌ಬಾಕ್ಸ್ ಅಥವಾ ಗೂಗಲ್ ಡ್ರೈವ್ ತೆರೆದು ಪ್ರಿಂಟ್ ತೆಗೆಸಿಕೊಂಡರೆ, ಹೋಗುವ ಮುನ್ನ ಅವರ ಕೈಯಲ್ಲೇ ಸೈನ್ ಔಟ್ ಮಾಡಿಸಿ. ಮರೆತು ಹೋದವರು ಮನೆಗೆ ಹೋದ ಮೇಲೂ ಫೋನಿನ ಬ್ರೌಸರ್‌ನಿಂದ ಡ್ರಾಪ್‌ಬಾಕ್ಸ್‌ನ ಸೆಟ್ಟಿಂಗ್ಸ್, ಸೆಕ್ಯುರಿಟಿ ತೆರೆದು, ಸೈನ್ ಇನ್ ಆಗಿರುವ ಬ್ರೌಸರ್‌ಗಳ ಪಟ್ಟಿಯಿಂದ ನಿಮ್ಮ ಅಂಗಡಿಯದನ್ನು ತೆಗೆದುಹಾಕಬಹುದು.

ಪ್ರಶ್ನೆ: ನಮ್ಮದು ಫೋಟೊ ಸ್ಟುಡಿಯೋ. 32 ಜನರನ್ನು ಸೇರಿಸಿ 18 ಜಿಬಿ ಮಾಡಿಕೊಂಡರೆ ಮದುವೆಗಳ ಫೋಟೊಗಳನ್ನೆಲ್ಲ ಅಲ್ಲೇ ಇಡಬಹುದಲ್ಲವೇ? ಹಾರ್ಡ್ ಡಿಸ್ಕ್ ಖರ್ಚು ಉಳಿಯುತ್ತದೆ.
– ಚಿತ್ರದುರ್ಗ

ಉತ್ತರ: ಉಳಿಯುವುದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಜೆಪೆಗ್ ಮಾಡದ ಮೂಲ ಫೈಲ್) ಸುಮಾರು 25ರಿಂದ 30 ಎಂಬಿ ಇರುತ್ತದೆ. ಆರತಕ್ಷತೆ, ಮುಹೂರ್ತ ಎರಡೂ ಸೇರಿ 2,000 ಕ್ಲಿಕ್ ಆದರೆ 50 ಜಿಬಿ ದಾಟಿತು. ಮೂವತ್ತೆರಡು ಜನರ ಬೆನ್ನು ಹತ್ತಿ ಗಳಿಸಿದ ಜಾಗದಲ್ಲಿ ಒಂದು ಮದುವೆಯೂ ಹಿಡಿಸುವುದಿಲ್ಲ. ವಿಡಿಯೋ ಮಾತು ಬೇಡವೇ ಬೇಡ: ಫೋನಿನಲ್ಲಿ ತೆಗೆದ 1080ಪಿ ವಿಡಿಯೋವೇ ನಿಮಿಷಕ್ಕೆ ಸುಮಾರು 130 ಎಂಬಿ ತಿನ್ನುತ್ತದೆ, 500 ಎಂಬಿ ನಾಲ್ಕು ನಿಮಿಷಕ್ಕೆ ಸರಿಹೋಯಿತು.

ಜಾಗವಿದ್ದರೂ ಸಮಯದ ಪ್ರಶ್ನೆ ಇದೆ. ಇಂಟರ್‌ನೆಟ್ ಕಂಪನಿಯವರು ದೊಡ್ಡದಾಗಿ ಹೇಳುವುದು ಡೌನ್‌ಲೋಡ್ ವೇಗ. ನಿಮಗೆ ಬೇಕಾದದ್ದು ಅಪ್‌ಲೋಡ್ ವೇಗ. ಅದು 10 ಎಂಬಿಪಿಎಸ್ ಇದ್ದರೆ 50 ಜಿಬಿ ಏರಲು 11 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಮಧ್ಯೆ ಕರೆಂಟ್ ಹೋದರೆ ಬ್ರೌಸರ್‌ನಲ್ಲಿ ಏರಿಸುತ್ತಿದ್ದ ಫೈಲ್ ಮೊದಲಿನಿಂದ ಶುರುವಾಗಬಹುದು. ಡೆಸ್ಕ್‌ಟಾಪ್ ಆ್ಯಪ್ ಫೈಲನ್ನು 4 ಎಂಬಿಯ ತುಂಡುಗಳಾಗಿ ಕಳಿಸುವುದರಿಂದ ನಿಂತಲ್ಲಿಂದ ಮುಂದುವರಿಸುತ್ತದೆ. ದೊಡ್ಡ ಫೈಲ್ ಏರಿಸುವವರು ಆ್ಯಪ್ ಬಳಸುವುದೇ ಸರಿ.

ಹಾಗಾದರೆ ನಿಮಗೆ ರೆಫರಲ್ ಜಾಗ ಎಲ್ಲಿ ಕೆಲಸಕ್ಕೆ ಬರುತ್ತದೆ? ಆಲ್ಬಮ್‌ಗೆ ಫೋಟೊ ಆರಿಸಲು ಮನೆಯವರಿಗೆ ಕಳಿಸುವಾಗ. ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಲಾಂಗ್ ಎಡ್ಜ್ 2048 ಪಿಕ್ಸೆಲ್, ಕ್ವಾಲಿಟಿ 75ರ ಆಸುಪಾಸು, ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಇಟ್ಟರೆ ಒಂದು ಫೋಟೊ 600 ಕೆಬಿಯಿಂದ 1 ಎಂಬಿ ಒಳಗೆ ಬರುತ್ತದೆ. ಆರುನೂರು ಫೋಟೊ ಸುಮಾರು 500 ಎಂಬಿ. ಅಂದರೆ ಒಬ್ಬರನ್ನು ಸೇರಿಸಿದ ಜಾಗದಲ್ಲಿ ಒಂದು ಮದುವೆಯ ಆಯ್ಕೆ ಪೂರ್ತಿ ಕೂರುತ್ತದೆ. ಆಲ್ಬಮ್ ಪ್ರಿಂಟ್‌ಗೆ ಹೋದ ಮೇಲೆ ಅಳಿಸಿ, ಅದೇ ಜಾಗವನ್ನು ಮುಂದಿನ ಮದುವೆಗೆ ಬಳಸಿ. ನಾಲ್ಕೈದು ಜನರನ್ನು ಸೇರಿಸಿಕೊಂಡರೆ ಒಂದು ಸೀಸನ್‌ಗೆ ಧಾರಾಳವಾಯಿತು, 32 ಬೇಕಿಲ್ಲ. ಜೆಪೆಗ್ ಫೈಲುಗಳನ್ನು ಜಿಪ್ ಮಾಡಿ ಜಾಗ ಉಳಿಸುವ ಪ್ರಯತ್ನ ಬೇಡ. ಅವು ಮೊದಲೇ ಕುಗ್ಗಿಸಿದ ಫೈಲುಗಳು, ಜಿಪ್ ಮಾಡಿದರೂ ಗಾತ್ರ ಇಳಿಯದು.

ಲಿಂಕ್ ಕೊಡುವಾಗ ಒಂದು ಎಚ್ಚರ. ಬೇಸಿಕ್ ಖಾತೆಯ ಹಂಚಿದ ಲಿಂಕ್‌ಗಳಿಂದ ದಿನಕ್ಕೆ ಇಂತಿಷ್ಟೇ ಡೌನ್‌ಲೋಡ್ ಆಗಬಹುದು ಎಂಬ ಮಿತಿ ಇದೆ, 20 ಜಿಬಿ. ಮದುವೆ ಮನೆಯವರು ನಿಮ್ಮ 500 ಎಂಬಿ ಫೋಲ್ಡರ್‌ನ ಲಿಂಕನ್ನು ನೆಂಟರ ಗುಂಪಿಗೆ ಹಾಕಿ ನಲವತ್ತು ಜನ ಪೂರ್ತಿ ಇಳಿಸಿಕೊಂಡರೆ ಮಿತಿ ಮುಗಿಯಿತು. ಲಿಂಕ್ ತಾತ್ಕಾಲಿಕವಾಗಿ ನಿಲ್ಲುತ್ತದೆ, ಬೈಗುಳ ನಿಮಗೆ ಬರುತ್ತದೆ. ಆಯ್ಕೆ ಮಾಡುವವರಿಗೆ ಮಾತ್ರ ಲಿಂಕ್ ಕೊಡಿ.

ಮೂಲ ರಾ ಫೈಲುಗಳಿಗೆ ಎರಡು ಹಾರ್ಡ್ ಡಿಸ್ಕ್ ಬೇಕೇ ಬೇಕು, ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮನೆಯಲ್ಲಿ. ಒಂದೇ ಬೀರುವಿನಲ್ಲಿ ಎರಡನ್ನೂ ಇಟ್ಟರೆ ಕಳ್ಳತನವಾದಾಗ ಎರಡೂ ಹೋಗುತ್ತವೆ. ಮದುವೆ ಮತ್ತೊಮ್ಮೆ ನಡೆಯುವುದಿಲ್ಲ, ಇಲ್ಲಿ ಜಿಪುಣತನ ಮಾಡಬೇಡಿ.

ಪ್ರಶ್ನೆ: ‘20 ಜನರಿಗೆ ಕಳಿಸಿದರೆ ಗೂಗಲ್ ಡ್ರೈವ್‌ನಲ್ಲಿ 50 ಜಿಬಿ ಫ್ರೀ’ ಎಂಬ ಮೆಸೇಜ್ ನಮ್ಮ ಶಿಕ್ಷಕರ ಗುಂಪಿನಲ್ಲಿ ಬಂದಿದೆ. ನನ್ನ 15 ಜಿಬಿ ತುಂಬಿದೆ. ಕಳಿಸಬಹುದೇ?
– ಶಿಕ್ಷಕಿ, ಹೊಸದುರ್ಗ

ಉತ್ತರ: ಕಳಿಸಬೇಡಿ, ಲಿಂಕ್ ಒತ್ತಲೂ ಬೇಡಿ. ಜನರನ್ನು ಸೇರಿಸಿದರೆ ಜಾಗ ಕೊಡುವ ಪದ್ಧತಿ ಗೂಗಲ್‌ನಲ್ಲಿ ಇಲ್ಲ. ಆಪಲ್‌ನ ಐಕ್ಲೌಡ್‌ನಲ್ಲೂ ಇಲ್ಲ. ಅಲ್ಲಿ ಉಚಿತವಾಗಿ 5 ಜಿಬಿ, ಅಷ್ಟೇ. ನಿಜವಾದ ರೆಫರಲ್‌ನಲ್ಲಿ ಮೆಸೇಜ್ ಕಳಿಸಿದ್ದಕ್ಕೆ ಏನೂ ಸಿಗುವುದಿಲ್ಲ, ಬೇರೊಬ್ಬರು ಖಾತೆ ತೆರೆದಾಗ ಸಿಗುತ್ತದೆ. ‘ಇಷ್ಟು ಜನರಿಗೆ ಫಾರ್ವರ್ಡ್ ಮಾಡಿ’ ಎಂದು ಇದ್ದರೆ ಅದು ಮೋಸ ಎಂದೇ ತಿಳಿಯಿರಿ.

ಲಿಂಕ್ ಪರೀಕ್ಷಿಸುವ ಕ್ರಮ ಹೀಗಿದೆ. ವಿಳಾಸದಲ್ಲಿ ‘ಡಾಟ್ ಕಾಂ’ ಆದ ಕೂಡಲೇ ಓರೆಗೆರೆ ಬರಬೇಕು, ‘ಡಾಟ್ ಕಾಂ’ಗೆ ಸರಿಯಾಗಿ ಮೊದಲು ಕಂಪನಿಯ ಹೆಸರು ಇರಬೇಕು. ‘ಗೂಗಲ್ ಡಾಟ್ ಕಾಂ’ ಆದ ಮೇಲೆ ಓರೆಗೆರೆಯ ಬದಲು ಇನ್ನೊಂದು ಡಾಟ್ ಬಂದು ಬೇರೇನೋ ಹೆಸರಿದ್ದರೆ ಅದು ಗೂಗಲ್ ಅಲ್ಲ, ಕೊನೆಗೆ ಬರೆದಿರುವ ಹೆಸರಿನವರ ತಾಣ. ಗುಂಪಿನಲ್ಲಿ ಯಾರಾದರೂ ಈಗಾಗಲೇ ಅಲ್ಲಿ ಪಾಸ್‌ವರ್ಡ್ ಹಾಕಿದ್ದರೆ ತಡಮಾಡದೆ ಬದಲಿಸಲಿ, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಲಿ. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಆಗಲೇ ಕರೆ ಮಾಡಬೇಕು. ತಡವಾದಷ್ಟೂ ಹಣ ತಡೆಯುವ ಅವಕಾಶ ಕಡಿಮೆ.

ಈಗ ತುಂಬಿದ 15 ಜಿಬಿ ವಿಚಾರ. ಅದು ಡ್ರೈವ್‌ಗೆ ಮಾತ್ರ ಮೀಸಲಲ್ಲ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದರಲ್ಲೇ. 2021ರ ಜೂನ್ 1ರ ನಂತರ ಏರಿಸಿದ ಫೋಟೊಗಳು, ಗುಣಮಟ್ಟ ತಗ್ಗಿಸಿ ಇಟ್ಟರೂ ಲೆಕ್ಕಕ್ಕೆ ಬರುತ್ತವೆ. ಆಂಡ್ರಾಯ್ಡ್ ಫೋನುಗಳ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಇದರೊಳಗೇ ಸೇರಿದೆ. ಶಿಕ್ಷಕರ ಗುಂಪುಗಳಲ್ಲಿ ದಿನವೂ ಬರುವ ಕಾರ್ಯಕ್ರಮದ ವಿಡಿಯೋಗಳು ಅಲ್ಲೇ ಕೂತಿರುತ್ತವೆ. ಮೊದಲು ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ‘ಇನ್‌ಕ್ಲೂಡ್ ವಿಡಿಯೋಸ್’ ಆಫ್ ಮಾಡಿ, ಮತ್ತೊಮ್ಮೆ ಬ್ಯಾಕಪ್ ತೆಗೆಯಿರಿ. ಇದರಿಂದಲೇ ಕೆಲವರಿಗೆ ಹಲವು ಜಿಬಿ ಬಿಡುಗಡೆಯಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಹುಡುಕುವ ಪಟ್ಟಿಯ ಕೊನೆಯ ಗುರುತು ಒತ್ತಿ, ಸೈಜ್ ಎದುರು 10 ಎಂಬಿಗಿಂತ ಹೆಚ್ಚು ಎಂದು ಕೊಟ್ಟು ಹುಡುಕಿ. ಬೇಡದವನ್ನು ಅಳಿಸಿ. ಕೊನೆಗೆ ಜಿಮೇಲ್, ಡ್ರೈವ್, ಫೋಟೋಸ್ ಮೂರರ ಟ್ರ್ಯಾಶನ್ನೂ ಖಾಲಿ ಮಾಡಬೇಕು. ಟ್ರ್ಯಾಶ್‌ನಲ್ಲಿರುವಷ್ಟು ದಿನ ಅವು ಜಾಗ ಹಿಡಿದೇ ಇರುತ್ತವೆ.

ಒಂದು ಹೋಲಿಕೆ ಎಲ್ಲ ಓದುಗರಿಗೂ ಹೇಳಬೇಕು: ಡ್ರಾಪ್‌ಬಾಕ್ಸ್‌ನ 2 ಜಿಬಿಯನ್ನು ಗೂಗಲ್‌ನ 15 ಜಿಬಿಗೆ ಸಮ ಮಾಡಲು 26 ಜನರನ್ನು ಸೇರಿಸಬೇಕು. ಬರೀ ಜಾಗವೇ ಬೇಕಾದವರು ಜನರ ಹಿಂದೆ ಬೀಳುವ ಮೊದಲು ಈಗಾಗಲೇ ಇರುವ 15 ಜಿಬಿಯನ್ನು ಗುಡಿಸಿ ಸ್ವಚ್ಛ ಮಾಡಿಕೊಳ್ಳಲಿ.

ಪ್ರಶ್ನೆ: ನಾನು, ನಮ್ಮ ಮನೆಯವರು ಇಬ್ಬರೂ ಡ್ರಾಪ್‌ಬಾಕ್ಸ್ ಹೊಸದಾಗಿ ಶುರು ಮಾಡಬೇಕು. ಇಬ್ಬರಿಗೂ ಬೋನಸ್ ಬರುವ ಹಾಗೆ ಹೇಗೆ ಮಾಡುವುದು?
– ಗೃಹಿಣಿ, ಹರಿಹರ

ಉತ್ತರ: ಇಬ್ಬರೂ ಒಟ್ಟಿಗೆ ತೆರೆಯಬೇಡಿ. ಮೊದಲು ಒಬ್ಬರು ತೆರೆದು ಇಮೇಲ್ ದೃಢೀಕರಿಸಿಕೊಳ್ಳಿ. ಅವರ ರೆಫರಲ್ ಲಿಂಕ್‌ನಿಂದ ಇನ್ನೊಬ್ಬರು ತೆರೆದು, ಬೇರೆ ಕಂಪ್ಯೂಟರಿನಲ್ಲಿ ಆ್ಯಪ್ ಹಾಕಬೇಕು. ಇಬ್ಬರಿಗೂ ತಲಾ 2.5 ಜಿಬಿ ಆಗುತ್ತದೆ. ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್ ಎಂದಾದರೆ, ಮೊದಲು ತೆರೆದವರು ಫೋನ್ ಮತ್ತು ಬ್ರೌಸರ್‌ನಲ್ಲಷ್ಟೇ ಬಳಸುತ್ತಾ ಲ್ಯಾಪ್‌ಟಾಪನ್ನು ಎರಡನೆಯವರಿಗೆ ಬಿಡಲಿ. ನಿಮ್ಮ ಮಗ ಅಥವಾ ಮಗಳು ಮುಂದೆ ಸೇರುವುದಾದರೆ ಯಾರಿಗೆ ಜಾಗ ಹೆಚ್ಚು ಬೇಕೋ ಅವರ ಲಿಂಕ್ ಕೊಡಿ.

ಪ್ರಶ್ನೆ: ನಮ್ಮ ಕಚೇರಿಯ 1.9 ಜಿಬಿ ಫೋಲ್ಡರನ್ನು ಇಬ್ಬರು ಸಹಾಯಕರಿಗೆ ಡ್ರಾಪ್‌ಬಾಕ್ಸ್‌ನಲ್ಲಿ ಹಂಚಿದ್ದೇನೆ. ರೆಫರಲ್‌ನಿಂದ ನನ್ನ ಜಾಗ 5 ಜಿಬಿ ಆಗಿದೆ. ಆದರೂ ಅವರಿಬ್ಬರಿಗೆ ‘ಸ್ಟೋರೇಜ್ ಫುಲ್’ ಬರುತ್ತಿದೆ, ಯಾಕೆ?
– ತೆರಿಗೆ ಸಲಹೆಗಾರರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಡ್ರಾಪ್‌ಬಾಕ್ಸ್‌ನಲ್ಲಿ ಹಂಚಿದ ಫೋಲ್ಡರ್, ಅದರಲ್ಲಿರುವ ಪ್ರತಿಯೊಬ್ಬರ ಜಾಗವನ್ನೂ ತಿನ್ನುತ್ತದೆ. ನಿಮ್ಮ ಬೋನಸ್ ನಿಮ್ಮ ಖಾತೆಗೆ ಮಾತ್ರ. ಸಹಾಯಕರದು 2 ಜಿಬಿಯೇ. ಅವರ ಸ್ವಂತ ಫೈಲ್ 100 ಎಂಬಿ ದಾಟಿದ ಕೂಡಲೇ ತುಂಬಿತು. ತುಂಬಿದರೆ ಫೈಲ್ ಅಳಿಸಿಹೋಗುವುದಿಲ್ಲ, ಆದರೆ ಸಿಂಕ್ ನಿಲ್ಲುತ್ತದೆ. ಅವರು ತಿದ್ದಿದ ರಿಟರ್ನ್ ನಿಮಗೆ ಬರುವುದಿಲ್ಲ, ನೀವು ಹಳೆಯದನ್ನೇ ಸಲ್ಲಿಸುವ ಅಪಾಯವಿದೆ.

ಓದಿದರೆ ಸಾಕು, ತಿದ್ದಬೇಕಿಲ್ಲ ಎನ್ನುವ ಫೈಲುಗಳಿಗೆ ಫೋಲ್ಡರ್ ಹಂಚದೆ ಲಿಂಕ್ ಕೊಡಿ. ತಮ್ಮ ಖಾತೆಗೆ ಸೇರಿಸಿಕೊಳ್ಳದೆ ನೋಡುವವರಿಗೆ ಅದು ಲೆಕ್ಕವಾಗದು. ಹಿಂದಿನ ವರ್ಷಗಳ ಕಡತವನ್ನು ಹಂಚಿದ ಫೋಲ್ಡರ್‌ನಿಂದ ಹೊರತೆಗೆದು ನಿಮ್ಮೊಬ್ಬರ ಫೋಲ್ಡರ್‌ಗೆ ಹಾಕಿ. ಮೂವರೂ ತಿದ್ದುವಂಥದ್ದೇ ಹೆಚ್ಚಿದ್ದರೆ ಗೂಗಲ್ ಡ್ರೈವ್ ಅನುಕೂಲ. ಅಲ್ಲಿ ಫೈಲಿನ ಮಾಲೀಕರ ಜಾಗ ಮಾತ್ರ ಖರ್ಚಾಗುತ್ತದೆ, ಸಹಾಯಕರದು ಆಗುವುದಿಲ್ಲ. ಕಕ್ಷಿದಾರರ ಪ್ಯಾನ್, ಬ್ಯಾಂಕ್ ವಿವರ ಇಡುವ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕದೆ ಇರಬೇಡಿ. ಕೆಲಸ ಬಿಟ್ಟ ಸಹಾಯಕರನ್ನು ಹಂಚಿಕೆಯಿಂದ ಆ ದಿನವೇ ತೆಗೆಯಿರಿ.

ಬೇಸಿಕ್ ಖಾತೆಯನ್ನು ಮೂರು ಸಾಧನಗಳಿಗಿಂತ ಹೆಚ್ಚಿಗೆ ಜೋಡಿಸಲಾಗದು ಎಂಬುದೂ ಗಮನದಲ್ಲಿರಲಿ. 2019ರ ಮಾರ್ಚ್‌ನಿಂದ ಈ ಮಿತಿ ಇದೆ. ಕಚೇರಿಯ ಕಂಪ್ಯೂಟರ್, ಮನೆಯ ಲ್ಯಾಪ್‌ಟಾಪ್, ಫೋನ್, ಅಲ್ಲಿಗೆ ಮುಗಿಯಿತು. ಎಷ್ಟೇ ಜನರನ್ನು ಸೇರಿಸಿದರೂ ಇದು ಸಡಿಲವಾಗುವುದಿಲ್ಲ.

ಪ್ರಶ್ನೆ: ಮೆಗಾ ಎಂಬ ಸೇವೆಯಲ್ಲಿ ಆ್ಯಪ್ ಹಾಕಿದ್ದಕ್ಕೆ, ಸ್ನೇಹಿತರನ್ನು ಕರೆದಿದ್ದಕ್ಕೆ ಜಾಗ ಸಿಕ್ಕಿತ್ತು. ಈಗ ಇದ್ದಕ್ಕಿದ್ದಂತೆ ಕಡಿಮೆಯಾಗಿ, ಮಿತಿ ಮೀರಿದೆ ಎನ್ನುತ್ತಿದೆ.
– ಚಳ್ಳಕೆರೆ

ಉತ್ತರ: ಮೆಗಾದಲ್ಲಿ ಮೂಲವಾಗಿ ಸಿಗುವ 20 ಜಿಬಿ ಶಾಶ್ವತ. ‘ಅಚೀವ್‌ಮೆಂಟ್ಸ್’ ಹೆಸರಿನಲ್ಲಿ ಬರುವ ಹೆಚ್ಚುವರಿ ಜಾಗಕ್ಕೆ ಅವಧಿ ಇದೆ. ಎಷ್ಟು ದಿನ ಉಳಿದಿದೆ ಎಂದು ಅದೇ ಪುಟದಲ್ಲಿ ಒಂದೊಂದರ ಎದುರೂ ಕಾಣುತ್ತದೆ. ನಿಮ್ಮದು ಮುಗಿದಿದೆ. ಹೆಚ್ಚಾದ ಫೈಲುಗಳನ್ನು ಬೇಗ ಇಳಿಸಿಕೊಂಡು 20 ಜಿಬಿ ಒಳಗೆ ಬನ್ನಿ. ಮಿತಿ ಮೀರಿ ಬಹುಕಾಲ ಬಿಡುವುದು ಕ್ಷೇಮವಲ್ಲ. ಅವಧಿಯಿರುವ ಜಾಗದಲ್ಲಿ, ಬೇರೆಡೆ ಪ್ರತಿ ಇರುವ ಫೈಲುಗಳನ್ನು ಮಾತ್ರ ಇಡಬೇಕು.

ಮೆಗಾ ಬಳಸುವವರು ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲೇಬೇಕು. ಅಲ್ಲಿ ಫೈಲುಗಳು ನಿಮ್ಮ ಪಾಸ್‌ವರ್ಡ್‌ನಿಂದಲೇ ಬೀಗ ಹಾಕಿಕೊಂಡಿರುತ್ತವೆ. ಪಾಸ್‌ವರ್ಡ್ ಮರೆತು, ಕೀಯೂ ಇಲ್ಲದಿದ್ದರೆ ಕಂಪನಿಯವರಿಂದಲೂ ಆ ಫೈಲುಗಳನ್ನು ತೆರೆದುಕೊಡಲು ಆಗದು.

ಪ್ರಶ್ನೆ: ಡ್ರಾಪ್‌ಬಾಕ್ಸ್ ಬೋನಸ್ಸಿಗೂ ಹಾಗೆ ಅವಧಿ ಇದೆಯೇ? ದುಡ್ಡು ಕೊಟ್ಟ ಖಾತೆಗೂ ರೆಫರಲ್ ಸಿಗುತ್ತದೆಯೇ?
– ಹೊನ್ನಾಳಿ

ಉತ್ತರ: ಸ್ನೇಹಿತರನ್ನು ಸೇರಿಸಿ ಗಳಿಸಿದ್ದಕ್ಕೆ ಅವಧಿ ಇಲ್ಲ. ಹಿಂದೆ ಕೆಲವು ಹೊಸ ಫೋನ್‌ಗಳ ಜೊತೆ ಬರುತ್ತಿದ್ದ ದೊಡ್ಡ ಬೋನಸ್ ಎರಡು ವರ್ಷಕ್ಕೆ ಮುಗಿಯುತ್ತಿತ್ತು, ಗೊಂದಲ ಅಲ್ಲಿಂದ ಬಂದಿದ್ದಿರಬಹುದು. ಪ್ಲಸ್ ಖಾತೆಯವರಿಗೆ ಒಬ್ಬರಿಗೆ 1 ಜಿಬಿಯಂತೆ 32 ಜಿಬಿವರೆಗೆ ಸಿಗುತ್ತದೆ.

ಆದರೆ ಬೇಸಿಕ್ ಖಾತೆಯನ್ನು ಹನ್ನೆರಡು ತಿಂಗಳು ಮುಟ್ಟದೆ ಬಿಟ್ಟರೆ ಫೈಲುಗಳನ್ನು ಅಳಿಸುವ ಹಕ್ಕು ಕಂಪನಿಗಿದೆ. ಗೂಗಲ್‌ನಲ್ಲಿ ಈ ಗಡುವು ಎರಡು ವರ್ಷ. ಸೇವೆಯೇ ಮುಚ್ಚುವುದೂ ಉಂಟು. ಕಾಪಿ ಎಂಬ ಸೇವೆ ಒಬ್ಬರನ್ನು ಸೇರಿಸಿದರೆ ಇಬ್ಬರಿಗೂ 5 ಜಿಬಿ ಕೊಡುತ್ತಿತ್ತು, ಬಹಳ ಉದಾರ. 2016ರ ಮೇ 1ಕ್ಕೆ ಅದು ನಿಂತಿತು. ಜನರನ್ನು ಸೇರಿಸಿ ಸೇರಿಸಿ ನೂರಾರು ಜಿಬಿ ಗಳಿಸಿದವರ ಬೋನಸ್ ಎಲ್ಲ ಅದರ ಜೊತೆಯೇ ಹೋಯಿತು.

ಪ್ರಶ್ನೆ: ಸೀರೆಯ ಬುಟ್ಟಾ, ಅಂಚಿನ ಡಿಸೈನ್ ಫೈಲುಗಳೆಲ್ಲ ಡ್ರಾಪ್‌ಬಾಕ್ಸ್‌ನಲ್ಲಿದ್ದವು. ಬೋನಸ್ ಬಂದು 4 ಜಿಬಿ ಆಯಿತಲ್ಲ, ಇನ್ನು ಕಂಪ್ಯೂಟರಿನಲ್ಲಿ ಯಾಕೆ ಅಂತ ಅಲ್ಲಿಂದ ಅಳಿಸಿದೆ. ಈಗ ಫೋನಿನಲ್ಲೂ ಕಾಣುತ್ತಿಲ್ಲ. ವಾಪಸ್ ಬರುತ್ತವೆಯೇ?
– ನೇಕಾರರು, ಮೊಳಕಾಲ್ಮೂರು

ಉತ್ತರ: ಅಳಿಸಿ 30 ದಿನ ಆಗಿಲ್ಲದಿದ್ದರೆ ಬರುತ್ತವೆ. ಇದನ್ನು ಓದಿದ ಕೂಡಲೇ ಮಾಡಿ: ಬ್ರೌಸರ್‌ನಲ್ಲಿ ಡ್ರಾಪ್‌ಬಾಕ್ಸ್ ತೆರೆಯಿರಿ, ಎಡಬದಿಯಲ್ಲಿ ‘ಡಿಲೀಟೆಡ್ ಫೈಲ್ಸ್’ ಒತ್ತಿ, ಬೇಕಾದ ಫೋಲ್ಡರ್‌ಗಳ ಎದುರು ಗುರುತು ಹಾಕಿ ‘ರಿಸ್ಟೋರ್’ ಕೊಡಿ. ಫೈಲ್ ಹೆಚ್ಚಿದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಮಧ್ಯೆ ಮುಚ್ಚಬೇಡಿ. ಮೂವತ್ತು ದಿನ ದಾಟಿದ್ದರೆ ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲಿ ದಾರಿಯಿಲ್ಲ. ಆಗ ಡಿಸೈನ್ ಮಾಡಿಕೊಟ್ಟವರಲ್ಲಿ, ಪೆನ್ ಡ್ರೈವ್‌ಗಳಲ್ಲಿ, ಇಮೇಲ್‌ನ ಸೆಂಟ್ ಪಟ್ಟಿಯಲ್ಲಿ ಹುಡುಕಬೇಕು. ಕಂಪ್ಯೂಟರಿನ ರೀಸೈಕಲ್ ಬಿನ್ ನೋಡಲು ಮರೆಯಬೇಡಿ.

ಹೀಗಾದದ್ದು ಯಾಕೆಂದರೆ ಡ್ರಾಪ್‌ಬಾಕ್ಸ್ ಫೋಲ್ಡರ್ ಮಾಡುವ ಕೆಲಸ ಸಿಂಕ್. ಒಂದು ಕಡೆ ಸೇರಿಸಿದ್ದು ಎಲ್ಲ ಕಡೆ ಸೇರುತ್ತದೆ, ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಅಳಿಯುತ್ತದೆ. ಜಾಗ 4 ಜಿಬಿ ಇದ್ದರೂ 18 ಜಿಬಿ ಇದ್ದರೂ ಇದು ಬದಲಾಗುವುದಿಲ್ಲ. ಕಂಪ್ಯೂಟರಿನಲ್ಲಿ ಜಾಗ ಬಿಡಿಸಬೇಕಾದರೆ ಅಳಿಸಬೇಡಿ. ಫೋಲ್ಡರ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಮೇಕ್ ಆನ್‌ಲೈನ್ ಓನ್ಲಿ’ ಆರಿಸಿ. ಹೆಸರು ಕಾಣುತ್ತಿರುತ್ತದೆ, ಫೈಲ್ ಮಾತ್ರ ಕ್ಲೌಡ್‌ನಲ್ಲಿರುತ್ತದೆ. ತೆರೆದಾಗ ಇಳಿದು ಬರುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಕು. ಮಗ್ಗದ ಮೇಲೆ ಸದ್ಯ ಓಡುತ್ತಿರುವ ಡಿಸೈನ್‌ಗಳನ್ನು ಹಾಗೆ ಮಾಡಬೇಡಿ, ನೆಟ್ ಇಲ್ಲದ ದಿನ ಕೆಲಸ ನಿಲ್ಲುತ್ತದೆ.

ಡಿಸೈನ್ ನಿಮ್ಮ ಕಸುಬಿನ ಬಂಡವಾಳ. ತಿಂಗಳಿಗೊಮ್ಮೆ ಪೂರ್ತಿ ಫೋಲ್ಡರನ್ನು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಕೇಬಲ್ ಕಿತ್ತು ಬೇರೆ ಇಡಿ. ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುವ ಡಿಸ್ಕ್‌ಗೂ ವೈರಸ್ ತಗಲುತ್ತದೆ.

ಪ್ರಶ್ನೆ: ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡಿ ಇಡಲು ಎಷ್ಟು ಜಾಗ ಬೇಕು? ಜನರನ್ನು ಸೇರಿಸಲೇಬೇಕೇ?
– ರೈತರು, ಹಿರಿಯೂರು

ಉತ್ತರ: ಬೇಕಿಲ್ಲ. ಗೂಗಲ್ ಡ್ರೈವ್ ಆ್ಯಪ್‌ನ ಸ್ಕ್ಯಾನ್ ಗುಂಡಿಯಿಂದ ತೆಗೆದ ಒಂದು ಪುಟ ಸಾಮಾನ್ಯವಾಗಿ 1 ಎಂಬಿಯೊಳಗೇ ಇರುತ್ತದೆ. ಇನ್ನೂರು ಪುಟ ಇಟ್ಟರೂ 200 ಎಂಬಿ ದಾಟದು. ಕಾಗದವನ್ನು ಕ್ಯಾಮೆರಾದಲ್ಲಿ ಫೋಟೊ ತೆಗೆದರೆ ಒಂದೊಂದು 3–4 ಎಂಬಿ ಆಗುತ್ತದೆ, ಅಂಚು ಸೊಟ್ಟಗೆ ಬಂದು ಕಚೇರಿಯಲ್ಲಿ ಅಪ್‌ಲೋಡ್ ಆಗದೆ ತಿರಸ್ಕಾರವಾಗುವುದೂ ಇದೆ. ಹಗಲು ಬೆಳಕಿನಲ್ಲಿ, ನೆರಳು ಬೀಳದ ಹಾಗೆ ಸ್ಕ್ಯಾನ್ ಮಾಡಿ, ಪಿಡಿಎಫ್ ಆಗಿಯೇ ಉಳಿಸಿ. ಹೆಸರಿಡುವಾಗ ಸರ್ವೆ ನಂಬರ್, ವರ್ಷ ಸೇರಿಸಿದರೆ ಹುಡುಕುವುದು ಸುಲಭ.

ಮಾರ್ಕ್ಸ್ ಕಾರ್ಡ್, ಆಧಾರ್, ಚಾಲನಾ ಪರವಾನಗಿಗೆ ಸರ್ಕಾರದ ಡಿಜಿಲಾಕರ್ ಇನ್ನೂ ಒಳ್ಳೆಯದು. ಅಲ್ಲಿ ಇಲಾಖೆಯಿಂದಲೇ ನೇರವಾಗಿ ಬರುವ ದಾಖಲೆಗೆ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ. ನೀವು ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ. ಸ್ವಂತವಾಗಿ ಏರಿಸಲು 1 ಜಿಬಿ ಕೊಡುತ್ತಾರೆ. ಡಿಜಿಲಾಕರ್‌ಗೆ ಸೇರುವಾಗ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್‌ಗೆ ಓಟಿಪಿ ಬರುತ್ತದೆ, ಆ ಸಿಮ್ ಚಾಲ್ತಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಂಡು ಕೂರಿ.